ಓದುಗರ ಪ್ರಶ್ನೆ, ನಮ್ಮ ಉತ್ತರ: ರಾಜೀನಾಮೆಗೆ ಸಹಿ ಹಾಕುವ ಮುಂಚೆ ಇದನ್ನು ಓದಿ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಒಂದೇ ಸಂಕಟದವು. ಹೊರದೇಶದ ಮಾಲು ಅಗ್ಗಕ್ಕೆ ಬಂತು, ಕಂಪನಿಗೆ ಆರ್ಡರ್ ಇಲ್ಲ, ನಮ್ಮ ಕೆಲಸ ಹೋಯಿತು, ಸರ್ಕಾರದಿಂದ ಏನಾದರೂ ಸಿಗುತ್ತಾ ಅಂತ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಯಿಂದ ಬಂದಿವೆ. ಹೆಸರು ಹಾಕಬೇಡಿ ಎಂದು ಎಲ್ಲರೂ ಕೇಳಿದ್ದಾರೆ, ಹಾಕಿಲ್ಲ. ಕಂಪನಿಗಳ ಹೆಸರನ್ನೂ ತೆಗೆದಿದ್ದೇವೆ.

ಪ್ರಶ್ನೆ: ಸಾರ್, ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ 14 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಎಲ್‌ಇಡಿ ಬಲ್ಬಿನ ಒಳಗೆ ಕೂರುವ ಬೋರ್ಡಿಗೆ ಸೋಲ್ಡರಿಂಗ್ ಮಾಡುವುದು ನನ್ನ ಕೆಲಸ. ಈಗ ಚೀನಾದಿಂದ ರೆಡಿ ಬೋರ್ಡೇ ಬಾಕ್ಸ್‌ಗಟ್ಟಲೆ ಬರುತ್ತಿದೆ. ನಾವು ಸ್ಟಿಕ್ಕರ್ ಅಂಟಿಸಿ ಪ್ಯಾಕ್ ಮಾಡುವುದಷ್ಟೇ ಉಳಿದಿದೆ. 140 ಜನ ಇದ್ದೇವೆ. ಹೋದ ವಾರ ಹೆಚ್‌ಆರ್‌ನವರು ಒಬ್ಬೊಬ್ಬರನ್ನೇ ಒಳಗೆ ಕರೆದು ಟೈಪ್ ಮಾಡಿದ ರಾಜೀನಾಮೆ ಪತ್ರ ಮುಂದಿಟ್ಟರು. ‘ಸ್ವಂತ ಕಾರಣದಿಂದ ಕೆಲಸ ಬಿಡುತ್ತಿದ್ದೇನೆ’ ಅಂತ ಅದರಲ್ಲಿದೆ. ಸಹಿ ಹಾಕಿದರೆ ಗ್ರಾಚ್ಯುಟಿ ಜೊತೆಗೆ ಎರಡು ತಿಂಗಳ ಸಂಬಳ ಕೊಡುತ್ತಾರಂತೆ, ಹಾಕದಿದ್ದರೆ ಏನೂ ಇಲ್ಲವಂತೆ. ನನಗೆ ಬೇಸಿಕ್, ಡಿಎ ಸೇರಿ 15,600 ರೂಪಾಯಿ, ಎಲ್ಲ ಸೇರಿಸಿದರೆ 19,000. ಆಮದಿನಿಂದ ಕೆಲಸ ಹೋದವರಿಗೆ ಸರ್ಕಾರದ ಸಹಾಯ ಇದೆಯಾ? ಸಹಿ ಹಾಕಲಾ, ಬೇಡವಾ?

ಉತ್ತರ: ಸಹಿ ಹಾಕಬೇಡಿ. ಮಿಕ್ಕಿದ್ದು ಆಮೇಲೆ.

ಆಮದಿನಿಂದ ಕೆಲಸ ಹೋಯಿತು ಎನ್ನುವ ಕಾರಣಕ್ಕೇ ಕೊಡುವ ಪ್ರತ್ಯೇಕ ಸಹಾಯ ನಮ್ಮ ದೇಶದಲ್ಲಿ ಇಲ್ಲ. ಕೆಲಸ ಚೀನಾ ಮಾಲಿನಿಂದ ಹೋಯಿತೋ, ಮಾಲೀಕರ ಸಾಲದಿಂದ ಹೋಯಿತೋ, ಹೊಸ ಮೆಷಿನ್‌ನಿಂದ ಹೋಯಿತೋ, ನಮ್ಮ ಕಾನೂನು ಅದನ್ನು ಕೇಳುವುದಿಲ್ಲ. ಅದು ಕೇಳುವುದು ಒಂದೇ: ನೀವಾಗಿ ಬಿಟ್ಟಿರಾ, ಕಂಪನಿ ತೆಗೆದಿದೆಯಾ? ನಿಮಗೆ ಬರಬೇಕಾದ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಆ ಕಾಗದಕ್ಕೆ ಅಷ್ಟು ಅವಸರ ಯಾಕೆ ಅಂತ ಈಗ ಗೊತ್ತಾಯಿತಲ್ವಾ.

ಲೆಕ್ಕ ಹಾಕಿ ನೋಡೋಣ. ಕೆಲಸ ಇಲ್ಲ, ನೀವು ಹೆಚ್ಚುವರಿ ಎಂದು ಕಂಪನಿ ತೆಗೆದರೆ ಅದು ರಿಟ್ರೆಂಚ್‌ಮೆಂಟ್. ಆಗ ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲವೇ ಆ ತಿಂಗಳ ವೇತನ ಕೊಡಬೇಕು. ನಿಮಗೆ ಅದು 15,600. ಸೇವೆ ಮುಗಿಸಿದ ಒಂದೊಂದು ವರ್ಷಕ್ಕೂ 15 ದಿನದ ವೇತನ ಪರಿಹಾರ. 7,800ರ ಹಾಗೆ 14 ವರ್ಷಕ್ಕೆ 1,09,200. ಗ್ರಾಚ್ಯುಟಿ ಬೇರೆ. ಅದಕ್ಕೆ ತಿಂಗಳಿಗೆ 26 ದಿನ ಹಿಡಿಯುತ್ತಾರೆ. 15,600ನ್ನು 26ರಿಂದ ಭಾಗಿಸಿದರೆ ದಿನಕ್ಕೆ 600, 15 ದಿನಕ್ಕೆ 9,000, 14 ವರ್ಷಕ್ಕೆ 1,26,000. ಮೂರೂ ಸೇರಿ 2,50,800 ರೂಪಾಯಿ.

ರಾಜೀನಾಮೆ ಕೊಟ್ಟರೆ ಗ್ರಾಚ್ಯುಟಿ 1,26,000, ಎರಡು ತಿಂಗಳ ಸಂಬಳ 38,000, ಒಟ್ಟು 1,64,000. ಐದು ವರ್ಷ ದಾಟಿದವರಿಗೆ ಗ್ರಾಚ್ಯುಟಿ ಹೇಗೆ ಬಿಟ್ಟರೂ ಬರಲೇಬೇಕು. ಅದು ನಿಮ್ಮ ದುಡಿಮೆಯ ದುಡ್ಡು, ಅವರು ಕೊಡುತ್ತಿರುವ ಕೊಡುಗೆ ಅಲ್ಲ. ಅದನ್ನು ಪಕ್ಕಕ್ಕಿಟ್ಟರೆ 1,24,800ರ ಜಾಗದಲ್ಲಿ 38,000 ತಗೊಳ್ಳಿ ಅಂತ ಹೇಳಿದ ಹಾಗಾಯಿತು.

ಇಷ್ಟಕ್ಕೇ ಮುಗಿಯುವುದಿಲ್ಲ. 2025ರ ನವೆಂಬರ್ 21ರಿಂದ ಹಳೇ ಕೈಗಾರಿಕಾ ವಿವಾದ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧ ಸಂಹಿತೆ ಬಂದಿದೆ. ಅದರಲ್ಲಿ ಹೊಸದಾಗಿ ಒಂದು ಮರುಕೌಶಲ ನಿಧಿ ಸೇರಿಸಿದ್ದಾರೆ. ರಿಟ್ರೆಂಚ್ ಆದ ಪ್ರತಿಯೊಬ್ಬರ ಹೆಸರಲ್ಲಿ ಮಾಲೀಕರು 15 ದಿನದ ವೇತನ ಅದಕ್ಕೆ ಕಟ್ಟಬೇಕು, ಅದು 45 ದಿನದೊಳಗೆ ಕೆಲಸಗಾರರ ಖಾತೆಗೆ ಬರಬೇಕು. ನಿಮಗೆ ಇನ್ನೊಂದು 7,800. ಅದೇ ಸಂಹಿತೆ ಒಂದು ರಕ್ಷಣೆಯನ್ನು ಕಿತ್ತುಕೊಂಡಿದೆ, ಅದನ್ನೂ ಹೇಳಬೇಕು. ಮೊದಲು 100 ಜನರಿದ್ದ ಕಾರ್ಖಾನೆ ಜನರನ್ನು ತೆಗೆಯಲು ಸರ್ಕಾರದ ಅನುಮತಿ ಕೇಳಬೇಕಿತ್ತು. ಈಗ ಆ ಮಿತಿ 300. ನಿಮ್ಮ 140 ಜನರ ಕಂಪನಿ ಯಾರ ಅನುಮತಿಯನ್ನೂ ಕೇಳಬೇಕಾಗಿಲ್ಲ. ನನಗೆ ಇದು ಸರಿ ಅನ್ನಿಸುವುದಿಲ್ಲ. ಆದರೆ ಅನುಮತಿ ಬೇಡ ಅಂದರೆ ಪರಿಹಾರ ಬೇಡ ಅಂತಲ್ಲ. ಇವೆರಡನ್ನೂ ಬೇಕಂತಲೇ ಕಲಸಿ ಹೇಳುವವರು ಇದ್ದಾರೆ, ನಂಬಬೇಡಿ.

ಇನ್ನು ಇಎಸ್‌ಐ, ಅಂದರೆ ಸಂಬಳದಲ್ಲಿ ಹಿಡಿದು ಕಟ್ಟುವ ಕಾರ್ಮಿಕರ ವಿಮೆ. ಇದನ್ನು ಕಾರ್ಖಾನೆಗಳಲ್ಲಿ ಹತ್ತರಲ್ಲಿ ಒಬ್ಬರಿಗೂ ಯಾರೂ ಹೇಳುವುದಿಲ್ಲ ಅನ್ನಿಸುತ್ತೆ. 2005ರ ಏಪ್ರಿಲ್‌ನಿಂದ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಅಂತ ಒಂದಿದೆ. ಕಾರ್ಖಾನೆ ಮುಚ್ಚಿ ಅಥವಾ ರಿಟ್ರೆಂಚ್‌ಮೆಂಟ್ ಆಗಿ ಕೆಲಸ ಹೋದ, ಕನಿಷ್ಠ ಎರಡು ವರ್ಷ ವಂತಿಗೆ ಕಟ್ಟಿದ ಕೆಲಸಗಾರರಿಗೆ ನಿರುದ್ಯೋಗ ಭತ್ಯೆ ಸಿಗುತ್ತದೆ. ಮೊದಲ 12 ತಿಂಗಳು ಸರಾಸರಿ ದಿನಗೂಲಿಯ ಅರ್ಧ, ಆಮೇಲಿನ 12 ತಿಂಗಳು ಕಾಲು ಭಾಗ. ನಿಮ್ಮ ಸಂಬಳದವರಿಗೆ ಮೊದಲ ವರ್ಷ ತಿಂಗಳಿಗೆ ಎಂಟು ಒಂಬತ್ತು ಸಾವಿರದ ಹತ್ತಿರ ಬರಬಹುದು. ಭತ್ಯೆ ಬರುವಷ್ಟು ದಿನ ನಿಮಗೂ ಮನೆಯವರಿಗೂ ಇಎಸ್‌ಐ ಚಿಕಿತ್ಸೆಯೂ ಉಂಟು. ಆದರೆ ತಾನಾಗಿ ಬಿಟ್ಟವರಿಗೆ ಇದು ಇಲ್ಲ. ‘ಸ್ವಂತ ಕಾರಣ’ ಎನ್ನುವ ಎರಡು ಪದಕ್ಕೆ ಎರಡು ವರ್ಷದ ಭತ್ಯೆ ಹೋಗುತ್ತದೆ.

ಈಗ ಏನು ಮಾಡಬೇಕು? ಆ ಟೈಪ್ ಮಾಡಿದ ಪತ್ರ ಯಾರಾದರೊಬ್ಬರ ಫೋನಿನಲ್ಲಿ ಫೋಟೋ ಆಗಿ ಇರಲಿ. 140 ಜನರಿಗೆ ಒಂದೇ ಒಕ್ಕಣೆಯ ‘ಸ್ವಂತ ಕಾರಣ’ ಇರಲು ಹೇಗೆ ಸಾಧ್ಯ? ಅದೇ ನಿಮ್ಮ ಸಾಕ್ಷಿ. ದಿನಾ ಟೈಮಿಗೆ ಸರಿಯಾಗಿ ಹೋಗಿ ಪಂಚ್ ಮಾಡಿ. ಗೇಟಿನಲ್ಲೇ ತಡೆದರೆ ಅವತ್ತೇ, ‘ಕೆಲಸಕ್ಕೆ ಬಂದಿದ್ದೆವು, ಒಳಗೆ ಬಿಡಲಿಲ್ಲ’ ಎಂದು ಬರೆದು ಕಂಪನಿಗೊಂದು, ಜಿಲ್ಲಾ ಕಾರ್ಮಿಕ ಅಧಿಕಾರಿಗೊಂದು ಸ್ಪೀಡ್ ಪೋಸ್ಟ್ ಮಾಡಿ. ರಸೀದಿ ಜೋಪಾನ. ಒಬ್ಬರೇ ಹೋಗಬೇಡಿ, ಹತ್ತು ಜನ ಸೇರಿ ಹೋಗಿ. ಮನೆಯಲ್ಲಿರಿ, ಆರ್ಡರ್ ಬಂದಾಗ ಕರೆಯುತ್ತೇವೆ ಅಂದರೆ ಅದು ಲೇ-ಆಫ್, ಅದಕ್ಕೂ ಬೇಸಿಕ್ ಮತ್ತು ಡಿಎಯ ಅರ್ಧ ಕೊಡಬೇಕು. ತೆಗೆದ ಮೇಲೆ ಒಂದು ವರ್ಷದೊಳಗೆ ಅದೇ ಕೆಲಸಕ್ಕೆ ಮತ್ತೆ ಜನ ತಗೊಂಡರೆ ನಿಮ್ಮನ್ನೇ ಮೊದಲು ಕರೆಯಬೇಕು.

ಕಂಪನಿಯನ್ನೇ ಮುಚ್ಚುತ್ತೇವೆ ಅನ್ನಬಹುದು. 50 ಜನಕ್ಕಿಂತ ಜಾಸ್ತಿ ಇರುವುದರಿಂದ ಸರ್ಕಾರಕ್ಕೆ 60 ದಿನ ಮೊದಲೇ ತಿಳಿಸಬೇಕು. ಪರಿಹಾರ ಅದೇ ವರ್ಷಕ್ಕೆ 15 ದಿನ. ಮಾಲೀಕರ ಕೈಮೀರಿದ ಕಾರಣಕ್ಕೆ ಮುಚ್ಚಿದರೆ ಮೂರು ತಿಂಗಳ ವೇತನಕ್ಕೆ ಮಿತಿ ಮಾಡಬಹುದು ಎಂದು ಕಾನೂನಿನಲ್ಲಿದೆ, ಅದನ್ನು ತೋರಿಸಿ ಹೆದರಿಸುತ್ತಾರೆ. ಆದರೆ ಬರೀ ನಷ್ಟ ಆಯಿತು, ಮಾಲು ಮಾರಾಟವಾಗದೆ ಉಳಿಯಿತು ಎನ್ನುವುದು ಕೈಮೀರಿದ ಕಾರಣ ಅಲ್ಲ ಅಂತ ಅದೇ ಕಾನೂನು ಬಿಡಿಸಿ ಹೇಳಿದೆ. ಚೀನಾ ಮಾಲು ಬಂದು ವ್ಯಾಪಾರ ಕೆಟ್ಟಿತು ಎಂದಷ್ಟೇ ಹೇಳಿ ನಿಮ್ಮ 14 ವರ್ಷವನ್ನು ಮೂರು ತಿಂಗಳಿಗೆ ಇಳಿಸುವ ಹಾಗಿಲ್ಲ.

ಪ್ರಶ್ನೆ: ಗೌರಿಬಿದನೂರಿನ ಗಾರ್ಮೆಂಟ್ಸ್‌ನಲ್ಲಿ 9 ವರ್ಷ ಟೈಲರ್ ಆಗಿದ್ದೆ. ಬಾಂಗ್ಲಾದೇಶದ ಬಟ್ಟೆ ಅಗ್ಗ ಅಂತ ನಮ್ಮ ಆರ್ಡರೆಲ್ಲ ಹೋಯಿತು ಎಂದರು. ನಾನು ಆಗಲೇ ರಾಜೀನಾಮೆಗೆ ಸಹಿ ಹಾಕಿಬಿಟ್ಟೆ ಸಾರ್. ಬೇರೆ ದಾರಿ ಇರಲಿಲ್ಲ, ಹಾಕದಿದ್ದರೆ ಆ ತಿಂಗಳ ಸಂಬಳವೂ ಇಲ್ಲ ಅಂದರು. ಇನ್ನೇನೂ ಆಗಲ್ವಾ?

ಉತ್ತರ: ಆಗುತ್ತಮ್ಮಾ. ಕಷ್ಟ ಇದೆ, ಆದರೆ ಬಾಗಿಲು ಮುಚ್ಚಿಲ್ಲ.

ದುಡಿದ ತಿಂಗಳ ಸಂಬಳವನ್ನು ಅಡ ಇಟ್ಟುಕೊಂಡು ತಗೊಂಡ ಸಹಿ ಒತ್ತಾಯದ ಸಹಿ. ನಿಮ್ಮ ಜೊತೆ ಅದೇ ದಿನ ಎಷ್ಟು ಜನ ಸಹಿ ಹಾಕಿದರು, ಪತ್ರ ಯಾರು ಟೈಪ್ ಮಾಡಿದ್ದರು, ಯಾವ ರೂಮಿನಲ್ಲಿ ಕೂರಿಸಿದ್ದರು, ಎಲ್ಲ ಬರೆದಿಡಿ. ‘ಒತ್ತಾಯದಿಂದ ಸಹಿ ಹಾಕಿಸಿದ್ದೀರಿ, ನಾನು ರಾಜೀನಾಮೆ ಕೊಟ್ಟಿಲ್ಲ’ ಎಂದು ಕಂಪನಿಗೆ ಈಗಲೇ ಬರೆಯಿರಿ. ತಡ ಮಾಡಿದಷ್ಟೂ ನಿಮ್ಮ ಮಾತಿನ ತೂಕ ಕಡಿಮೆಯಾಗುತ್ತದೆ. ಆಮೇಲೆ ಚಿಕ್ಕಬಳ್ಳಾಪುರದ ಕಾರ್ಮಿಕ ಅಧಿಕಾರಿಗೆ ದೂರು ಕೊಡಿ. ಅಲ್ಲಿ ರಾಜಿ ಮಾತುಕತೆ ನಡೆಯುತ್ತದೆ, 45 ದಿನದಲ್ಲಿ ಬಗೆಹರಿಯದಿದ್ದರೆ ನೀವೇ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ಕೆಲಸ ಹೋದ ದಿನದಿಂದ ಎರಡು ವರ್ಷದೊಳಗೆ ಇದಾಗಬೇಕು. ಮೊದಲು ಮೂರು ವರ್ಷ ಇತ್ತು, ಈಗ ಎರಡೇ.

ವಕೀಲರಿಗೆ ದುಡ್ಡೆಲ್ಲಿ ಅಂತ ಯೋಚಿಸಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಮಹಿಳೆಯರಿಗೂ ಕೈಗಾರಿಕಾ ಕಾರ್ಮಿಕರಿಗೂ ಉಚಿತ ವಕೀಲರ ನೆರವು ಇದೆ. ನೀವು ಎರಡೂ ಪಟ್ಟಿಯಲ್ಲಿ ಇದ್ದೀರಿ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕಚೇರಿ ಇರುತ್ತದೆ, 15100ಕ್ಕೆ ಫೋನ್ ಮಾಡಿದರೂ ಆಯಿತು. 9 ವರ್ಷದ ಗ್ರಾಚ್ಯುಟಿ, ಪಿಎಫ್ ಇವಂತೂ ರಾಜೀನಾಮೆಯಿಂದ ಎಲ್ಲೂ ಹೋಗುವುದಿಲ್ಲ. ಪಿಎಫ್ ವಿಷಯದಲ್ಲಿ ಒಂದು ಮಾತು. ನಿಮಗೆ ಪಿಂಚಣಿಗೆ ಬೇಕಾದ 10 ವರ್ಷಕ್ಕೆ ಒಂದೇ ವರ್ಷ ಕಮ್ಮಿ. ಪಿಂಚಣಿ ದುಡ್ಡನ್ನು ಈಗಲೇ ತೆಗೆದುಬಿಟ್ಟರೆ ಆ 9 ವರ್ಷವೂ ಅಳಿಸಿಹೋಗುತ್ತದೆ. ಆ ವರ್ಷಗಳ ಲೆಕ್ಕ ಉಳಿಸುವ ಸ್ಕೀಮ್ ಸರ್ಟಿಫಿಕೇಟ್ ತಗೊಂಡು ಇಟ್ಟುಕೊಳ್ಳಿ. ನಾಳೆ ಇನ್ನೊಂದು ಗಾರ್ಮೆಂಟ್ಸ್ ಸೇರಿದರೆ ಅಲ್ಲಿಂದ ಮುಂದುವರಿಯುತ್ತದೆ.

ಪ್ರಶ್ನೆ: ನಾನು ಕೋಲಾರದಲ್ಲಿ ಬಿಕಾಂ ಓದುತ್ತಿದ್ದೇನೆ. ಆಮದಿನಿಂದ ಕೆಲಸ ಕಳೆದುಕೊಂಡ ಕಾರ್ಮಿಕರಿಗೆ ಅಮೆರಿಕದಲ್ಲಿ ಸರ್ಕಾರವೇ ದುಡ್ಡು, ತರಬೇತಿ ಎರಡೂ ಕೊಡುತ್ತದೆ ಎಂದು ನಮ್ಮ ಲೆಕ್ಚರರ್ ಹೇಳಿದರು. ನಿಜವೇ? ನಮ್ಮಲ್ಲಿ ಯಾಕಿಲ್ಲ?

ಉತ್ತರ: ನಿಜ, ಆದರೆ ಈಗ ಹೊಸಬರಿಗೆ ಇಲ್ಲ. ಪೂರ್ತಿ ಕೇಳಿ, ಯಾಕೆಂದರೆ ಇದರಲ್ಲಿ ನಾವು ಕಲಿಯುವುದು ತುಂಬಾ ಇದೆ.

1962ರಲ್ಲಿ ಅಧ್ಯಕ್ಷ ಕೆನಡಿ ಆಮದು ಸುಂಕ ಇಳಿಸಲು ಹೊರಟರು. ದೇಶಕ್ಕೆಲ್ಲ ಅಗ್ಗದ ಮಾಲಿನ ಲಾಭ ಸಿಗುವಾಗ ಅದರ ನಷ್ಟವನ್ನು ಕೆಲವೇ ಕಾರ್ಖಾನೆಗಳ ಜನ ಹೊರಬಾರದು ಎಂದು ಅದೇ ಕಾನೂನಿನಲ್ಲಿ ಟ್ರೇಡ್ ಅಡ್ಜಸ್ಟ್‌ಮೆಂಟ್ ಅಸಿಸ್ಟೆನ್ಸ್ ಎನ್ನುವ ಯೋಜನೆ ಸೇರಿಸಿದರು. ನನಗೆ ಈ ನ್ಯಾಯ ಬಹಳ ಇಷ್ಟ. ಆದರೆ ಷರತ್ತು ಎಷ್ಟು ಬಿಗಿ ಇತ್ತೆಂದರೆ 1969ರವರೆಗೆ ಒಂದೇ ಒಂದು ಅರ್ಜಿಯೂ ಪಾಸಾಗಲಿಲ್ಲ. 1974ರ ಕಾನೂನಿನಲ್ಲಿ ಸಡಿಲ ಮಾಡಿದ ಮೇಲೆ ಯೋಜನೆ ನಡೆಯತೊಡಗಿತು.

ಅದು ನಡೆಯುತ್ತಿದ್ದ ರೀತಿ ನೋಡಿ. ಒಂದು ಕಾರ್ಖಾನೆಯ ಮೂರು ಜನ ಕೆಲಸಗಾರರು ಸೇರಿ ಅರ್ಜಿ ಹಾಕಿದರೆ ಸಾಕು, ಸಂಘವೇ ಬೇಕು ಅಂತಿಲ್ಲ. ಕಾರ್ಮಿಕ ಇಲಾಖೆಯವರು ತನಿಖೆ ಮಾಡುತ್ತಿದ್ದರು. ಆ ಕಂಪನಿಯ ಗಿರಾಕಿಗಳಿಗೇ ಪ್ರಶ್ನೆ ಕಳಿಸುತ್ತಿದ್ದರು, ನೀವು ಇವರ ಹತ್ತಿರ ತಗೊಳ್ಳುವುದು ಬಿಟ್ಟು ಹೊರದೇಶದ ಮಾಲು ತಗೊಳ್ಳಲು ಶುರು ಮಾಡಿದಿರಾ ಅಂತ. ಹೌದು ಎಂದಾದರೆ ಆ ಕಾರ್ಖಾನೆಯಲ್ಲಿ ಕೆಲಸ ಹೋದ ಎಲ್ಲರೂ ಅರ್ಹರು. ನಿರುದ್ಯೋಗ ಭತ್ಯೆಯೂ ಸೇರಿ, ತರಬೇತಿಯಲ್ಲಿ ಇರುವವರಿಗೆ ಗರಿಷ್ಠ 130 ವಾರದವರೆಗೆ ಆದಾಯ ಸಿಗುತ್ತಿತ್ತು. ಬೇರೆ ಊರಿಗೆ ಹೋಗಿ ಸೇರುವ ಖರ್ಚೂ ಸಿಗುತ್ತಿತ್ತು. 50 ದಾಟಿದವರು ಕಮ್ಮಿ ಸಂಬಳದ ಕೆಲಸಕ್ಕೆ ಸೇರಿದರೆ ಹಳೇ ಸಂಬಳಕ್ಕೂ ಹೊಸ ಸಂಬಳಕ್ಕೂ ಇರುವ ವ್ಯತ್ಯಾಸದ ಅರ್ಧವನ್ನು ಸರ್ಕಾರ ತುಂಬುತ್ತಿತ್ತು, ಎರಡು ವರ್ಷಕ್ಕೆ 10,000 ಡಾಲರ್‌ವರೆಗೆ. ಈ ಕೊನೆಯದು ನಮಗೆ ಬಹಳ ಬೇಕಾದ್ದು. 52 ವರ್ಷದ ಫಿಟ್ಟರ್ ಒಬ್ಬರಿಗೆ ಹೊಸ ವಿದ್ಯೆ ಕಲಿಸುತ್ತೇವೆ ಅನ್ನುವುದಕ್ಕಿಂತ, ಸಿಕ್ಕ ಕೆಲಸಕ್ಕೆ ಹೋಗಿ, ಸಂಬಳ ಕಮ್ಮಿಯಾದರೆ ಅರ್ಧ ನಾವು ತುಂಬುತ್ತೇವೆ ಅನ್ನುವುದು ಅವರ ಮನೆ ನಡೆಸುತ್ತದೆ.

ಹಾಗಂತ ಅದು ಸ್ವರ್ಗ ಅಲ್ಲ. ಕೆಲಸ ಹೋದ ಬಹಳ ಜನಕ್ಕೆ ಅದು ತಲುಪಲೇ ಇಲ್ಲ. ಅಲ್ಲಿನ ಕಾರ್ಮಿಕ ಸಂಘದವರೇ ಅದನ್ನು ಹೆಣ ಹೂಳುವ ವಿಮೆ ಎಂದು ಕರೆದಿದ್ದರು. 2022ರ ಜುಲೈ 1ಕ್ಕೆ ಅವಧಿ ಮುಗಿದು, ಹೊಸ ಅರ್ಜಿಗಳ ಮೇಲೆ ತೀರ್ಮಾನ ಮಾಡುವುದು ನಿಂತಿತು. ಯುರೋಪ್ ಒಕ್ಕೂಟದಲ್ಲಿ ಇದೇ ಥರದ ನಿಧಿ 2007ರಿಂದ ಇದೆ.

ನಮ್ಮಲ್ಲಿ ಇಂಥ ಪ್ರಯತ್ನವೇ ಆಗಲಿಲ್ಲ ಅಂತಲ್ಲ. ಮುಚ್ಚಿದ ಖಾಸಗಿ ಬಟ್ಟೆ ಗಿರಣಿಗಳ ಕಾರ್ಮಿಕರಿಗೆ 1986ರಲ್ಲಿ ಪುನರ್ವಸತಿ ನಿಧಿ ಮಾಡಿದರು. ಮೊದಲ ವರ್ಷ ವೇತನದ 75%, ಎರಡನೇ ವರ್ಷ 50%, ಮೂರನೇ ವರ್ಷ 25%. 2017ರಲ್ಲಿ ಅದನ್ನು ಮೇಲೆ ಹೇಳಿದ ಇಎಸ್‌ಐ ಯೋಜನೆಗೆ ಸೇರಿಸಿಬಿಟ್ಟರು. ಉದಾರೀಕರಣ ಶುರುವಾದ ಮೇಲೆ 1992ರಲ್ಲಿ ರಾಷ್ಟ್ರೀಯ ನವೀಕರಣ ನಿಧಿ ಬಂತು. ಅದರ ದುಡ್ಡು ಜಾಸ್ತಿ ಹೋಗಿದ್ದು ಸರ್ಕಾರಿ ಕಂಪನಿಗಳ ಸ್ವಯಂ ನಿವೃತ್ತಿಗೆ, ಮರುತರಬೇತಿಗೆ ಅಲ್ಲ. ಆಮೇಲೆ ಅದೂ ನಿಂತಿತು. ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆ ನೆನಪಿಸಿಕೊಳ್ಳಿ. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಸಮಿತಿ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿದಾಗ ನೌಕರರಿಗೆ 2007ರ ವೇತನ ಶ್ರೇಣಿ ಹಿಡಿದು ಸ್ವಯಂ ನಿವೃತ್ತಿ ಹಣ ಕೊಡುವ ತೀರ್ಮಾನವೂ ಜೊತೆಗೇ ಆಯಿತು. ಅದು ಸರ್ಕಾರಿ ಕಂಪನಿ. ಪಕ್ಕದ ಶೆಡ್ಡಿನಲ್ಲಿ ಅದೇ ಥರ ಕೂತು ದುಡಿದ ಖಾಸಗಿ ಕಾರ್ಮಿಕರಿಗೆ ಅಂಥ ತೀರ್ಮಾನ ಮಾಡುವವರು ಯಾರೂ ಇಲ್ಲ.

ನನಗೆ ಹೆಚ್ಚು ನೋವಾಗುವುದು ಇಲ್ಲಿ. ಅಗ್ಗದ ಆಮದಿನಿಂದ ಪೆಟ್ಟಾಯಿತು ಎಂದು ಕಂಪನಿಗಳು ದೆಹಲಿಯಲ್ಲಿ ವಾಣಿಜ್ಯ ಇಲಾಖೆಯ ವ್ಯಾಪಾರ ಪರಿಹಾರಗಳ ಮಹಾನಿರ್ದೇಶನಾಲಯಕ್ಕೆ ಅರ್ಜಿ ಹಾಕಬಹುದು. ಅಲ್ಲಿ ತನಿಖೆ ಮಾಡುವಾಗ ಉತ್ಪಾದನೆ, ಲಾಭ, ಬೆಲೆ ಇವುಗಳ ಜೊತೆ ಎಷ್ಟು ಜನರ ಕೆಲಸ ಹೋಯಿತು ಎನ್ನುವುದನ್ನೂ ನೋಡುತ್ತಾರೆ. ಪೆಟ್ಟು ಹೌದು ಎಂದಾದರೆ ಹಣಕಾಸು ಇಲಾಖೆ ಆ ಅಗ್ಗದ ಮಾಲಿನ ಮೇಲೆ ಆ್ಯಂಟಿ-ಡಂಪಿಂಗ್ ಸುಂಕ ಹಾಕುತ್ತದೆ, ಸಾಮಾನ್ಯವಾಗಿ ಐದು ವರ್ಷಕ್ಕೆ. ಕಂಪನಿಗೆ ರಕ್ಷಣೆ ಸಿಕ್ಕಿತು, ಸರ್ಕಾರಕ್ಕೆ ಸುಂಕ ಬಂತು. ಯಾರ ಕೆಲಸ ಹೋದದ್ದನ್ನು ಲೆಕ್ಕಕ್ಕೆ ಹಿಡಿದರೋ ಅವರಿಗೆ ಅದರಿಂದ ಒಂದು ರೂಪಾಯಿಯೂ ಇಲ್ಲ. ಆಮದಿನಿಂದ ಆದ ನಷ್ಟವನ್ನು ಅಳೆಯುವುದು ಸರ್ಕಾರಕ್ಕೆ ಗೊತ್ತಿದೆ ಅಂತಾಯಿತಲ್ವಾ? ಹಾಗಿದ್ದ ಮೇಲೆ ಆ ಸುಂಕದ ಒಂದು ಪಾಲನ್ನು ಆ ಕೆಲಸಗಾರರ ಹೆಸರಿನಲ್ಲಿ ಇಡಿ ಎಂದು ಕೇಳುವುದು ನ್ಯಾಯ. ಬಿಕಾಂ ಓದುವ ನೀವು ಇದನ್ನೇ ಪ್ರಾಜೆಕ್ಟ್ ವಿಷಯ ಮಾಡಿಕೊಳ್ಳಿ, ನರಸಾಪುರ, ವೇಮಗಲ್, ಮಾಲೂರು ನಿಮ್ಮ ಪಕ್ಕದಲ್ಲೇ ಇವೆ.

ಪ್ರಶ್ನೆ: ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಯೂನಿಟ್‌ನಲ್ಲಿ 11 ವರ್ಷ ಕೆಲಸ ಮಾಡಿದೆ. 12 ಜನ ಇದ್ದೆವು. ಚೀನಾ ರೇಷ್ಮೆಯಿಂದ ನಮ್ಮ ನೂಲಿಗೆ ರೇಟಿಲ್ಲ ಅಂತ ಮಾಲೀಕರು ಮುಚ್ಚಿದರು. ದಿನಕ್ಕೆ 450 ರೂಪಾಯಿ ಕೂಲಿ. ಪಿಎಫ್, ಇಎಸ್‌ಐ ಎಂಥದ್ದೂ ಇಲ್ಲ. ನಾನು ತಗೊಂಡ ಮುಂಗಡ 30,000 ಬಾಕಿ ಇದೆ, ಅದು ತೀರುವವರೆಗೆ ಬೇರೆ ಯೂನಿಟ್‌ಗೆ ಹೋಗಬೇಡ ಅನ್ನುತ್ತಾರೆ.

ಉತ್ತರ: ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಮುಂಗಡ ತೀರುವವರೆಗೆ ಬೇರೆ ಕಡೆ ದುಡಿಯಬೇಡ ಅನ್ನುವ ಹಕ್ಕು ಯಾರಿಗೂ ಇಲ್ಲ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಇಂಥದ್ದಕ್ಕೇ ಬಂದಿದ್ದು. ನಾಳೆಯೇ ಬೇರೆ ಕೆಲಸಕ್ಕೆ ಹೋಗಿ. ಯಾರಾದರೂ ತಡೆದರೆ ತಹಶೀಲ್ದಾರರಿಗೆ ಬರೆದುಕೊಡಿ.

ಬಿಸಿ ನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಬೆರಳ ತುದಿ ಬೆಳ್ಳಗೆ ಸುಲಿದಿರುತ್ತದೆ, ರಾತ್ರಿ ಅನ್ನ ಕಲಸಿದರೆ ಉರಿ. ಆ ಕೆಲಸ 11 ವರ್ಷ ಮಾಡಿದ್ದೀರಿ. ಕಾಗದ ಇಲ್ಲ ಅಂದ ಮಾತ್ರಕ್ಕೆ ಹಕ್ಕು ಇಲ್ಲ ಅಂತಲ್ಲ. 10 ಜನ ಇದ್ದ ಕಡೆ ಗ್ರಾಚ್ಯುಟಿ ಬರಬೇಕು. ಪಿಎಫ್ ಇರಲಿ ಬಿಡಲಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ದಿನಗೂಲಿ 450ಕ್ಕೆ 15 ದಿನದ್ದು 6,750, 11 ವರ್ಷಕ್ಕೆ 74,250. ಯೂನಿಟ್ ಮುಚ್ಚಿದ್ದಕ್ಕೆ ಪರಿಹಾರವೂ ವರ್ಷಕ್ಕೆ 15 ದಿನದಂತೆ ಅಷ್ಟೇ ಮೊತ್ತ ಆಗುತ್ತದೆ. ಮುಂಗಡ ಬಾಕಿ ಇದೆ ಅಂತ ಇದನ್ನೆಲ್ಲ ಇಲ್ಲ ಅನ್ನುವ ಹಾಗಿಲ್ಲ. ಮಾಲೀಕರಿಗೆ ಬರೆದು ಕೇಳಿ, 30 ದಿನದಲ್ಲಿ ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಿ. 12 ಜನವೂ ಒಬ್ಬರಿಗೊಬ್ಬರು ಸಾಕ್ಷಿ. ಕೂಲಿ ಬರೆಯುವ ಚಿಕ್ಕ ನೋಟ್‌ಬುಕ್ ಇದ್ದರೆ ಅದು ಚಿನ್ನ. ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗಲು ರೀಲರ್, ಅಂದರೆ ನೂಲು ಬಿಚ್ಚಿಸುವ ಮಾಲೀಕರ, ಲೈಸೆನ್ಸ್ ಬೇಕು, ಹಾಗಾಗಿ ನಿಮ್ಮ ಮಾಲೀಕರ ದಾಖಲೆ ರೇಷ್ಮೆ ಇಲಾಖೆಯಲ್ಲಿ ಇರಲೇಬೇಕು. ಅವರು ಯೂನಿಟ್ಟೇ ಇರಲಿಲ್ಲ ಅನ್ನಲು ಆಗುವುದಿಲ್ಲ.

ರೇಟಿನ ವಿಷಯದಲ್ಲಿ ನಿಮ್ಮ ಮಾಲೀಕರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು 30%ರಿಂದ 5%ಕ್ಕೆ ಇಳಿಸಿದಾಗ ಗೂಡಿನ ಬೆಲೆ ಬಿದ್ದಿದ್ದು ನಿಮ್ಮ ಊರಿಗೇ ಗೊತ್ತು. 2013ರಲ್ಲಿ 15%ಕ್ಕೆ ಏರಿಸಿದರು. ಸುಂಕ ಏರಿದರೆ ನೇಕಾರರಿಗೆ ನೂಲು ದುಬಾರಿ, ಇಳಿದರೆ ರೈತರಿಗೂ ನಿಮಗೂ ಕಷ್ಟ. ಈ ಜಗ್ಗಾಟದಲ್ಲಿ ರೈತರ ಮಾತು, ರೀಲರ್ ಮಾತು, ನೇಕಾರರ ಮಾತು ದೆಹಲಿಗೆ ಹೋಗುತ್ತದೆ, ಬಿಸಿ ನೀರಿನ ಬೇಸಿನ್ ಮುಂದೆ ಕೂತು ನೂಲು ಬಿಚ್ಚುವವರದ್ದು ಹೋಗುವುದಿಲ್ಲ. ಉದ್ಯೋಗ ಖಾತ್ರಿ ಕೆಲಸವೂ ಹಳ್ಳಿಯವರಿಗೆ, ಪಟ್ಟಣದಲ್ಲಿರುವ ನಿಮಗಿಲ್ಲ. ಅಸಂಘಟಿತ ಕಾರ್ಮಿಕರ ನೋಂದಣಿಯ ಇ-ಶ್ರಮ್ ಕಾರ್ಡ್ ಮಾಡಿಸಿ, ಆದರೆ ಅದರಿಂದ ತಿಂಗಳಿಗೆ ದುಡ್ಡು ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇದೇ ಥರ ತುಮಕೂರು ಕಡೆಯಿಂದ ಮನೆಯಲ್ಲಿ ಅಗರಬತ್ತಿ ಹೊಸೆಯುವ ಹೆಂಗಸರೂ ಬರೆದಿದ್ದಾರೆ. ವಿಯೆಟ್ನಾಂ, ಚೀನಾದ ಬತ್ತಿ ಬಂದು ಕೆಲಸ ಹೋಗುತ್ತಿದೆ ಎಂದು 2019ರ ಆಗಸ್ಟ್‌ನಲ್ಲಿ ಅಗರಬತ್ತಿ ಆಮದಿಗೆ ಕಡಿವಾಣ ಹಾಕಿದರು, 2020ರಲ್ಲಿ ಬಿದಿರು ಕಡ್ಡಿಯ ಸುಂಕವನ್ನು 25%ಕ್ಕೆ ಏರಿಸಿದರು. ಆದರೆ ಸಾವಿರ ಬತ್ತಿಗೆ ಇಷ್ಟು ಅಂತ ಕೂಲಿ ಪಡೆಯುತ್ತಿದ್ದ ಕೈಗಳ ಜಾಗಕ್ಕೆ ಅಷ್ಟರಲ್ಲಿ ಮೆಷಿನ್ ಬಂದಿತ್ತು. ಅಮ್ಮಂದಿರೇ, ನಿಮಗೆ ತೋರಿಸಲು ಇವತ್ತು ನನ್ನ ಹತ್ತಿರ ಒಂದು ಯೋಜನೆಯೂ ಇಲ್ಲ. ಇಲ್ಲದ್ದನ್ನು ಇದೆ ಎಂದು ಬರೆಯಲಾರೆ.

ಪ್ರಶ್ನೆ: ನರಸಾಪುರದಲ್ಲಿ ಕಾಂಟ್ರಾಕ್ಟ್ ಮೇಲೆ ಮೂರು ವರ್ಷ ಕೆಲಸ ಮಾಡಿದೆ. ಈಗ ಪಾರ್ಟ್ಸ್ ಹೊರಗಿನಿಂದ ಬರುತ್ತೆ, ನೀವು ಬೇಡ ಅಂದರು. ಕಾಂಟ್ರಾಕ್ಟರ್ ಕೊನೆಯ ತಿಂಗಳ ಸಂಬಳ ಕೊಟ್ಟಿಲ್ಲ, ಫೋನ್ ಎತ್ತುತ್ತಿಲ್ಲ.

ಉತ್ತರ: ಕಾಂಟ್ರಾಕ್ಟರ್ ಕೊಡದಿದ್ದರೆ ಕಂಪನಿಯೇ ಕೊಡಬೇಕು. ಕೊಟ್ಟು ಆಮೇಲೆ ಅವರಿಂದ ವಸೂಲಿ ಮಾಡಿಕೊಳ್ಳುವುದು ಕಂಪನಿಯ ಪಾಡು. ಪಿಎಫ್‌ಗೂ ಇದೇ ನಿಯಮ. ನಿಮ್ಮ ಪಿಎಫ್ ನಂಬರಿನ (ಯುಎಎನ್) ಪಾಸ್‌ಬುಕ್ ತೆಗೆದು ಮೂರು ವರ್ಷವೂ ದುಡ್ಡು ಬಿದ್ದಿದೆಯಾ ನೋಡಿ. ಆಮೇಲೆ ನಿಮ್ಮ ನೇಮಕಾತಿ ಪತ್ರ ಓದಿ. ಅದರಲ್ಲಿ ಇಂತಿಷ್ಟು ಅವಧಿಗೆ ಎಂದು ತಾರೀಖು ಇದ್ದು, ಆ ತಾರೀಖಿಗೆ ಮುಗಿದಿದ್ದರೆ ರಿಟ್ರೆಂಚ್‌ಮೆಂಟ್ ಪರಿಹಾರ ಸಿಗುವುದಿಲ್ಲ. ಆದರೆ ಹೊಸ ಸಂಹಿತೆ ಪ್ರಕಾರ ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷ ಆದರೂ ಗ್ರಾಚ್ಯುಟಿ ಉಂಟು. ತಾರೀಖೇ ಇಲ್ಲದಿದ್ದರೆ, ಅಥವಾ ಮುಂಚೆಯೇ ತೆಗೆದಿದ್ದರೆ, ಮೊದಲ ಪತ್ರಕ್ಕೆ ಕೊಟ್ಟ ಉತ್ತರ ನಿಮಗೂ ಅನ್ವಯ.

ಪ್ರಶ್ನೆ: ಮಾಲೂರಿನ ನಮ್ಮ ಕಂಪನಿ ದಿವಾಳಿ ಅಂತ ಕಂಪನಿ ನ್ಯಾಯಮಂಡಳಿ ಎನ್‌ಸಿಎಲ್‌ಟಿಗೆ ಹೋಗಿದೆ. ನಮ್ಮ ಬಾಕಿ ಕಥೆ ಏನು?

ಉತ್ತರ: ಸುಮ್ನೆ ಕಾಯಬೇಡಿ, ಕ್ಲೈಮ್ ಹಾಕಿ. ನ್ಯಾಯಮಂಡಳಿ ನೇಮಿಸಿದ ಅಧಿಕಾರಿ ಪೇಪರಿನಲ್ಲಿ ಪ್ರಕಟಣೆ ಕೊಟ್ಟಿರುತ್ತಾರೆ. ಕಾರ್ಮಿಕರು ಫಾರ್ಮ್ ಡಿ ತುಂಬಿ ಕಳಿಸಬೇಕು, ಎಲ್ಲರ ಪರವಾಗಿ ಒಬ್ಬರು ಹಾಕುವುದಾದರೆ ಫಾರ್ಮ್ ಇ. ಪ್ರಕಟಣೆಯಲ್ಲಿ ಕೊನೆಯ ದಿನಾಂಕ ಇರುತ್ತದೆ. ಕಂಪನಿಯನ್ನು ಮಾರಿ ಮುಗಿಸುವ ಹಂತ ಬಂದರೆ ಅದಕ್ಕೆ ಮುಂಚಿನ 24 ತಿಂಗಳ ಕಾರ್ಮಿಕರ ಬಾಕಿಗೆ ಅಡಮಾನ ಇಟ್ಟುಕೊಂಡ ಬ್ಯಾಂಕಿನ ಸಮಾನ ಸ್ಥಾನ ಇದೆ. ಪಿಎಫ್, ಗ್ರಾಚ್ಯುಟಿ ನಿಧಿಯ ದುಡ್ಡನ್ನು ಕಂಪನಿಗೆ ಸಾಲ ಕೊಟ್ಟವರಿಗೆ ಹಂಚುವ ಹಾಗೇ ಇಲ್ಲ.

ಪ್ರಶ್ನೆ: ನನಗೆ 47 ವರ್ಷ. ಹಿರೇಹಳ್ಳಿಯಲ್ಲಿ ಲೇತ್ ಆಪರೇಟರ್ ಆಗಿದ್ದೆ, ಆಗಸ್ಟ್ ಕೊನೆಯಲ್ಲಿ ತೆಗೆದರು. ಪರಿಹಾರ ಬಂದಿದೆ. ಅದನ್ನು ಹಾಕಿ ಸ್ವಂತ ಶೆಡ್ ಮಾಡೋಣ ಅಂತ ಭಾಮೈದ ಹೇಳುತ್ತಿದ್ದಾನೆ. ಹೆಂಡತಿಗೆ ಶುಗರ್, ಬಿಪಿ ಇದೆ, ಇಎಸ್‌ಐ ಮಾತ್ರೆ ಇನ್ನು ಸಿಗುತ್ತಾ?

ಉತ್ತರ: ಬಂದ ಪರಿಹಾರವನ್ನು ಪೂರ್ತಿ ಶೆಡ್ಡಿಗೆ ಸುರಿಯಬೇಡಿ. ಕನಿಷ್ಠ ಆರು ತಿಂಗಳ ಮನೆ ಖರ್ಚು ಪಕ್ಕಕ್ಕೆ ತೆಗೆದಿಟ್ಟ ಮೇಲೆ ಮಾತಾಡಿ. ಸ್ವಂತ ಘಟಕ ಮಾಡಲೇಬೇಕು ಎಂದಿದ್ದರೆ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಪಿಎಂಇಜಿಪಿ, ಅಂದರೆ ಸ್ವಂತ ಉದ್ಯೋಗಕ್ಕೆ ಕೇಂದ್ರ ಸರ್ಕಾರ ಸಬ್ಸಿಡಿ ಕೊಡುವ ಯೋಜನೆಯ ಸಾಲದ ಬಗ್ಗೆ ಕೇಳಿ. ಹಳ್ಳಿಯಲ್ಲಿ ಮಾಡಿದರೆ ಸಾಮಾನ್ಯ ವರ್ಗಕ್ಕೆ 25%, ಮೀಸಲು ವರ್ಗ ಮತ್ತು ಮಹಿಳೆಯರಿಗೆ 35% ಸಬ್ಸಿಡಿ. ನಿಮ್ಮ ಹೆಂಡತಿ ಹೆಸರಲ್ಲಿ ಹಾಕಿದರೆ ಲಾಭ, ಅದನ್ನು ಮನೆಯಲ್ಲಿ ಕೂತು ಮಾತಾಡಿ. ಲೇತ್ ಗೊತ್ತಿರುವವರಿಗೆ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮೆಷಿನ್ ಕಲಿಯುವುದು ಪೂರ್ತಿ ಹೊಸ ವಿದ್ಯೆ ಅಲ್ಲ. ತುಮಕೂರಿನ ಸರ್ಕಾರಿ ತರಬೇತಿ ಕೇಂದ್ರ ಜಿಟಿಟಿಸಿಯಲ್ಲಿ ಅಲ್ಪಾವಧಿ ಕೋರ್ಸ್ ಯಾವಾಗ ಶುರು ಅಂತ ವಿಚಾರಿಸಿ. ನಿಮ್ಮ ಹೆಸರಿನ ಮರುಕೌಶಲ ನಿಧಿ ದುಡ್ಡು ಖಾತೆಗೆ ಬಂದಿದೆಯಾ ಅಂತಲೂ ನೋಡಿ. ಬಂದಿಲ್ಲದಿದ್ದರೆ ಕಂಪನಿಗೂ ಕಾರ್ಮಿಕ ಅಧಿಕಾರಿಗೂ ಬರೆಯಿರಿ.

ಮಾತ್ರೆ ಸಿಗುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಯಲ್ಲಿ ಕನಿಷ್ಠ 78 ದಿನ ವಂತಿಗೆ ಕಟ್ಟಿದ್ದರೆ ಮುಂದಿನ ಜನವರಿಯಿಂದ ಜೂನ್ 30ರವರೆಗೆ ಚಿಕಿತ್ಸೆಯ ಹಕ್ಕು ಇರುತ್ತದೆ. ನೀವು ಆಗಸ್ಟ್ ಕೊನೆಯವರೆಗೆ ದುಡಿದಿದ್ದೀರಿ, 78 ದಿನ ಆರಾಮಾಗಿ ದಾಟಿರುತ್ತದೆ. ಕೆಲಸ ಹೋಯಿತಲ್ಲ ಅಂತ ನಾಚಿಕೊಂಡು ಡಿಸ್ಪೆನ್ಸರಿಗೆ ಹೋಗುವುದನ್ನು ನಿಲ್ಲಿಸಬೇಡಿ. ಹೋದಾಗ ತೆಗೆದ ಪತ್ರದ ಜೆರಾಕ್ಸ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ. ಅದೇ ದಿನ ಇಎಸ್‌ಐ ಶಾಖಾ ಕಚೇರಿಗೂ ಹೋಗಿ ನಿರುದ್ಯೋಗ ಭತ್ಯೆಯ ಅರ್ಜಿ ಕೊಟ್ಟು, ಸ್ವೀಕೃತಿ ಹಾಕಿಸಿಕೊಂಡು ಬನ್ನಿ.